ತೂಈ: ಒಂದು ಹಾಡುಹಕ್ಕಿಯ ಹೆಸರಿನ ಭಾಷಾಚರಿತ್ರೆ

1. ಪೀಠಿಕೆ

ನ್ಯೂಜಿಲೆಂಡಿನ ಕಾಡುಗಳಲ್ಲಿಯೂ ಊರಿನ ತೋಟಗಳಲ್ಲಿಯೂ ಕಾಣಸಿಗುವ ಒಂದು ಹಾಡುಹಕ್ಕಿಯ ಹೆಸರು ತೂಈ. ಇಂಗ್ಲಿಷ್ ನಿಘಂಟುಗಳಲ್ಲಿ ಈ ಪದದ ಮೂಲವನ್ನು ಹುಡುಕಿದರೆ ಸಾಮಾನ್ಯವಾಗಿ ದೊರೆಯುವ ವಿವರಣೆ ಒಂದೇ ಮಾತಿನದು: ಮಾವೊರಿ. ಈ ಒಂದು ಮಾತಿನ ಹಿಂದೆ ಹಲವು ಹೆಸರುಗಳ ಸ್ಪರ್ಧೆ ಇದೆ, ಎರಡು ಭಾಷೆಗಳ ಧ್ವನಿವ್ಯವಸ್ಥೆಗಳ ಮುಖಾಮುಖಿ ಇದೆ, ಒಂದು ಭಾಷೆಯ ಕುಸಿತ ಮತ್ತು ಚೇತರಿಕೆಯ ಚರಿತ್ರೆಯೂ ಇದೆ.

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ವ್ಯಾಕರಣದಲ್ಲಿ ಅನ್ಯದೇಶ್ಯ, ಅನುಕರಣ, ಆಗಮಸಂಧಿ, ವಚನ ಮೊದಲಾದ ವಿಷಯಗಳನ್ನು ಬಿಡಿಬಿಡಿಯಾಗಿ ಓದುತ್ತಾರೆ. ದೂರದ ಒಂದು ಪದವನ್ನು ಹಿಡಿದು ಇವೆಲ್ಲವನ್ನೂ ಒಂದೆಡೆ ನೋಡುವುದು ಈ ಪಾಠದ ಉದ್ದೇಶ. ಪದವೊಂದು ಎರವಲಾಗಿ ಉಳಿಯುವುದಕ್ಕೂ ಭಾಷೆಯೊಂದು ಬಾಳುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವುದು ಅದರ ಕೊನೆಯ ಗುರಿ.

2. ಹಕ್ಕಿಯ ಪರಿಚಯ

ತೂಈ ಜೇನುಗುಟುಕ ಹಕ್ಕಿಗಳ ಕುಟುಂಬಕ್ಕೆ ಸೇರಿದೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 30 ಸೆಂಟಿಮೀಟರ್ ಉದ್ದವಿರುವ ಇದು ದೂರದಿಂದ ಕಪ್ಪಾಗಿ ಕಾಣುತ್ತದೆ. ಬಿಸಿಲು ಬಿದ್ದಾಗ ಹಸುರು, ನೀಲಿ, ಕಂಚಿನ ಹೊಳಪು ಮೂಡುತ್ತದೆ. ಕೊರಳಿನ ಮುಂಭಾಗದಲ್ಲಿ ಎರಡು ಬಿಳಿಯ ಗರಿಗುಚ್ಛಗಳು ಜೋತಾಡುತ್ತವೆ. ನಾಲಗೆಯ ತುದಿ ಕುಂಚದಂತಿರುವುದರಿಂದ ಹೂವಿನ ಮಕರಂದವನ್ನು ಹೀರುವುದು ಸುಲಭ. ಹರಕೆಕೆ ಎಂಬ ನಾರಗಿಡ, ಹಳದಿ ಹೂವಿನ ಕೋಫೈ, ಕಡಲತೀರದ ಕೆಂಪು ಹೂವಿನ ಪೋಹುತುಕಾವ ಇವೆಲ್ಲ ಅದರ ಊಟದ ಮರಗಿಡಗಳು. ಮಕರಂದದ ಜೊತೆಗೆ ಹಣ್ಣು, ಹುಳುಗಳನ್ನೂ ಅದು ತಿನ್ನುತ್ತದೆ. ನಮ್ಮ ಹಿತ್ತಿಲುಗಳಲ್ಲಿ ಸೂರಕ್ಕಿ ಮಾಡುವ ಪರಾಗಸ್ಪರ್ಶದ ಕೆಲಸವನ್ನು ಅಲ್ಲಿ ಮಾಡುವ ಹಕ್ಕಿಗಳಲ್ಲಿ ಇದು ಮುಖ್ಯವಾದುದು.

ತೂಈಯ ಖ್ಯಾತಿ ಅದರ ಕಂಠದಿಂದ ಬಂದಿದೆ. ಕೊಳಲಿನಂಥ ಇಂಪಾದ ಸ್ವರಗಳ ನಡುವೆ ಅದು ಟಕಟಕ ಸದ್ದು, ಕೆಮ್ಮು, ಗುರುಗುಟ್ಟುವಿಕೆಗಳನ್ನೂ ಸೇರಿಸಿ ಹಾಡುತ್ತದೆ. ಬೇರೆ ಹಕ್ಕಿಗಳ ಕೂಗನ್ನೂ ಮನುಷ್ಯರ ಮಾತನ್ನೂ ಅನುಕರಿಸುತ್ತದೆ. ಮಾವೊರಿ ಜನ ಹಿಂದೆ ಇದನ್ನು ಪಂಜರದಲ್ಲಿ ಸಾಕಿ, ಅತಿಥಿಗಳನ್ನು ಸ್ವಾಗತಿಸುವ ದೀರ್ಘವಾದ ಮಾತುಗಳನ್ನು ಅಭ್ಯಾಸ ಮಾಡಿಸುತ್ತಿದ್ದರು. ಸೊಗಸಾಗಿ ಹಾಡುವವನನ್ನು, ವಾಗ್ಮಿಯನ್ನು ತೂಈಯ ಗಂಟಲಿಗೆ ಹೋಲಿಸಿ ಹೊಗಳುವ ನುಡಿಗಟ್ಟು ಆ ಭಾಷೆಯಲ್ಲಿದೆ. ಇಂಪಿಗೆ ಕೋಗಿಲೆ, ಕಲಿತ ಮಾತಿಗೆ ಗಿಣಿ ಎಂದು ನಮ್ಮ ಕಾವ್ಯಪರಂಪರೆ ಎರಡು ಹಕ್ಕಿಗಳಿಗೆ ಹಂಚಿದ ಗುಣಗಳನ್ನು ಅಲ್ಲಿ ಒಂದೇ ಹಕ್ಕಿ ಹೊತ್ತಿದೆ.

3. ಸೋತ ಹೆಸರುಗಳು, ಗೆದ್ದ ಹೆಸರು

ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಎರಡನೆಯ ಯಾನದಲ್ಲಿ, 1773ರಲ್ಲಿ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರ ತುದಿಯ ಕ್ವೀನ್ ಷಾರ್ಲೆಟ್ ಕಡಲಚಾಚಿನಲ್ಲಿ ತಂಗಿದ್ದನು. ಅವನ ಪ್ರವಾಸಕಥನದಲ್ಲಿ ಈ ಹಕ್ಕಿಯ ಹೆಸರು 'ಪೋಯಿ ಹಕ್ಕಿ'. ಟಹೀಟಿಯ ಭಾಷೆಯಲ್ಲಿ ಕಿವಿಯೋಲೆಗೆ ಹೇಳುವ ಮಾತು ಅದು ಎಂದೂ, ಕೊರಳಿನ ಗರಿಗುಚ್ಛಗಳಿಗೆ ಆ ಮಾತು ಒಪ್ಪಿದ್ದರಿಂದ ಹಕ್ಕಿಗೆ ಆ ಹೆಸರಾಯಿತೆಂದೂ ಅವನು ವಿವರಿಸಿದ್ದಾನೆ. ಟಹೀಟಿ ಅಲ್ಲಿಂದ ಸಾವಿರಾರು ಮೈಲಿ ದೂರದ ದ್ವೀಪ. ತೀರದಲ್ಲಿದ್ದ ಜನರ ಬಾಯಲ್ಲಿ ಈ ಹಕ್ಕಿಗೆ ಹೆಸರಿದ್ದರೂ ನಾವಿಕರು ಬೇರೊಂದು ದ್ವೀಪದಲ್ಲಿ ಕಲಿತುಬಂದ ಪದವನ್ನು ಅದಕ್ಕೆ ತೊಡಿಸಿದರು.

ಬಳಿಕ ನೆಲೆಸಲು ಬಂದ ಬ್ರಿಟಿಷ್ ವಲಸಿಗರಿಗೆ ಕಪ್ಪು ಮೈ, ಕೊರಳಲ್ಲಿ ಬಿಳಿಯ ಗುಚ್ಛಗಳು ಕಂಡಾಗ ನೆನಪಾದದ್ದು ಕಪ್ಪು ನಿಲುವಂಗಿಯ ಮೇಲೆ ಬಿಳಿಯ ಕೊರಳಪಟ್ಟಿ ತೊಟ್ಟ ಪಾದ್ರಿ. ಹೀಗೆ 'ಪಾರ್ಸನ್ ಬರ್ಡ್', ಎಂದರೆ 'ಪಾದ್ರಿ ಹಕ್ಕಿ', ಎಂಬ ಹೆಸರು ರೂಢಿಗೆ ಬಂತು. ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿಯೂ ಗರಿಗುಚ್ಛದ್ದೇ ಮೇಲುಗೈ: ಪ್ರಾಸ್ತೆಮಡೆರ ಎಂಬ ಕುಲನಾಮ 'ಜೋಡಣೆ' ಮತ್ತು 'ಕೊರಳು' ಎಂಬ ಅರ್ಥದ ಗ್ರೀಕ್ ಪದಗಳಿಂದ ಆಗಿದೆ. 1788ರಲ್ಲಿ ಗ್ಮೆಲಿನ್ ಇಟ್ಟ ಪ್ರಭೇದನಾಮ ದೇಶದ ಹೆಸರನ್ನು ಹೇಳುತ್ತದೆ.

ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಇವೆಲ್ಲ ಹೊರಗಿನಿಂದ ಬಂದವರು ತಮಗೆ ಮೊದಲೇ ಪರಿಚಿತವಾಗಿದ್ದ ಓಲೆ, ಪಾದ್ರಿ, ಗ್ರೀಕ್ ಪದಗಳನ್ನು ಹಕ್ಕಿಯ ಮೇಲೆ ಹೊದಿಸಿದ ಹೆಸರುಗಳು. ಪೋಯಿ ಹಕ್ಕಿ ಎಂಬುದು ಬೇಗ ಮರೆಯಾಯಿತು. ಪಾದ್ರಿ ಹಕ್ಕಿ ಎಂಬುದು ಬಹುಕಾಲ ಪುಸ್ತಕಗಳಲ್ಲಿ ಉಳಿದು, ಇಂದು ಹಳೆಯ ಬರಹಗಳಲ್ಲಿ ಮಾತ್ರ ಸಿಗುತ್ತದೆ. ವೈಜ್ಞಾನಿಕ ಹೆಸರು ವಿಜ್ಞಾನದ ಕ್ಷೇತ್ರದೊಳಗೇ ಉಳಿಯಿತು. ನಿತ್ಯದ ಮಾತಿನಲ್ಲಿ, ಇಂಗ್ಲಿಷ್ ಆಡುವವರ ಬಾಯಲ್ಲಿಯೂ, ನೆಲೆನಿಂತದ್ದು ತೂಈ.

ಎಲ್ಲ ಹಕ್ಕಿಗಳಿಗೂ ಹೀಗಾಯಿತೆಂದು ತಿಳಿಯಬಾರದು. ತೂಈಯ ಹತ್ತಿರದ ಬಂಧುವಾದ ಒಂದು ಹಕ್ಕಿಯನ್ನು ಮಾವೊರಿಯಲ್ಲಿ ಕೊರಿಮಾಕೊ ಎನ್ನುತ್ತಾರೆ. ಇಂಗ್ಲಿಷಿನ 'ಬೆಲ್‌ಬರ್ಡ್', ಎಂದರೆ 'ಗಂಟೆ ಹಕ್ಕಿ', ಎಂಬ ಹೆಸರು ಅದರೊಡನೆ ಇಂದಿಗೂ ಬಳಕೆಯಲ್ಲಿದೆ. ಸ್ಪರ್ಧೆಯ ಫಲಿತಾಂಶ ಪದದಿಂದ ಪದಕ್ಕೆ ಬೇರೆಯಾಗುತ್ತದೆ ಎಂಬುದು ಎರವಲಿನ ಅಧ್ಯಯನದಲ್ಲಿ ನೆನಪಿಡಬೇಕಾದ ಮಾತು.

4. ಧ್ವನಿ ಮತ್ತು ಲಿಪಿ

ಮಾವೊರಿ ಭಾಷೆಯಲ್ಲಿ ಐದು ಸ್ವರಗಳೂ ಹತ್ತು ವ್ಯಂಜನಗಳೂ ಇವೆ. ನಮ್ಮಲ್ಲಿರುವಂತೆ ಅಲ್ಲಿಯೂ ಪ್ರತಿಯೊಂದು ಸ್ವರಕ್ಕೆ ಹ್ರಸ್ವ ದೀರ್ಘ ಭೇದವಿದ್ದು, ಅದರಿಂದ ಅರ್ಥ ಬದಲಾಗುತ್ತದೆ. ಕೆಕೆ ಎಂದರೆ ಇಂಗ್ಲಿಷಿನಿಂದ ಬಂದ ಕೇಕು. ಕೇಕೇ ಎಂದರೆ ಕಂಕುಳು. ರೋಮನ್ ಲಿಪಿಯಲ್ಲಿ ಈ ಭೇದವನ್ನು ತೋರಿಸಲು ಸ್ವರದ ನೆತ್ತಿಯ ಮೇಲೆ ಗೆರೆ ಎಳೆಯಬೇಕು. ಕನ್ನಡ ಲಿಪಿಯಲ್ಲಿ ಅದು ಸಹಜವಾಗಿಯೇ ಇದೆ. ಎ ಏ, ಒ ಓ ಭೇದವನ್ನು ಬರೆಯುವ ಅನುಕೂಲ ಮರಾಠಿ ಓದುವವರಿಗೆ ಪರಿಚಿತವಾದ ದೇವನಾಗರಿಯಲ್ಲಿ ರೂಢಿಯಾಗಿ ಇಲ್ಲ.

ತೂಈ ಎಂಬಲ್ಲಿ ಎರಡು ದೀರ್ಘಸ್ವರಗಳು ನಡುವೆ ವ್ಯಂಜನವಿಲ್ಲದೆ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಕನ್ನಡದ ನಾಲಗೆಗೆ ಇದು ಒಗ್ಗುವುದಿಲ್ಲ. ಹೂ ಎಂಬುದಕ್ಕೆ ಇಕಾರ ಪರವಾದಾಗ ನಡುವೆ ವಕಾರ ಬಂದು ಹೂವಿನ ಎಂದಾಗುವುದು ನಮ್ಮ ಆಗಮಸಂಧಿ. ಮಾವೊರಿಯಲ್ಲಿ ಇಂಥ ಆಗಮಕ್ಕೆ ಅವಕಾಶವಿಲ್ಲ. ನಮ್ಮ ವ್ಯಾಕರಣದಲ್ಲಿ ಕೆಲವು ವಿಶೇಷ ಸನ್ನಿವೇಶಗಳಿಗೆ ಮೀಸಲಾದ ಪ್ರಕೃತಿಭಾವವು ಅಲ್ಲಿ ಸಾಮಾನ್ಯ ಸ್ಥಿತಿ. ಆ ಭಾಷೆಯ ಹೆಸರನ್ನೇ ನಾವು ಮಾವೊರಿ ಎಂದು ಬರೆಯುವಾಗ ನಡುವೆ ಸೇರುವ ವಕಾರ ಮೂಲದಲ್ಲಿಲ್ಲ. ಅದು ಕನ್ನಡದ ಕೊಡುಗೆ. ಪದದ ಮೊದಲ ಅಕ್ಷರವನ್ನೂ ಗಮನಿಸಬೇಕು. ಇಂಗ್ಲಿಷ್ ಮೂಲಕ ಬಂದ ಪದಗಳಿಗೆ ಟಕಾರ ಬರೆಯುವುದು ನಮ್ಮ ರೂಢಿ. ಮಾವೊರಿಯಲ್ಲಿ ಮೂರ್ಧನ್ಯ ಧ್ವನಿಗಳೇ ಇಲ್ಲವಾದುದರಿಂದ ತಕಾರವೇ ಮೂಲಕ್ಕೆ ಹತ್ತಿರ.

ಮಾವೊರಿಯ ಪ್ರತಿ ಅಕ್ಷರವೂ ಸ್ವರಾಂತ. ಆದುದರಿಂದ ಅದು ಎರವಲು ಪಡೆದ ಇಂಗ್ಲಿಷ್ ಪದಗಳ ಕೊನೆಗೆ ಸ್ವರ ಸೇರುತ್ತದೆ: ಕೇಕ್ ಎಂಬುದು ಕೆಕೆ ಆಗುತ್ತದೆ, ಶೀಪ್ ಎಂಬುದು ಹಿಪಿ ಆಗುತ್ತದೆ. ಹೊಸಗನ್ನಡವೂ ಕೇಕು, ಬಸ್ಸು, ಕಾರು ಎಂದು ಇದೇ ಹಾದಿ ಹಿಡಿದಿದೆ. ಎರವಲು ಪಡೆಯುವ ಭಾಷೆ ಬಂದ ಪದವನ್ನು ತನ್ನ ಧ್ವನಿನಿಯಮಗಳಿಗೆ ಒಗ್ಗಿಸಿಕೊಳ್ಳುತ್ತದೆ ಎಂಬ ತತ್ತ್ವಕ್ಕೆ ಇವು ಉದಾಹರಣೆಗಳು.

5. ಅನುಕರಣ ಶಬ್ದವೇ? ಯಾಸ್ಕನ ಪ್ರಶ್ನೆ

ಹಕ್ಕಿಗಳ ಹೆಸರು ಅವುಗಳ ಕೂಗಿನಿಂದ ಹುಟ್ಟುತ್ತದೆಯೇ ಎಂಬುದು ಭಾರತೀಯ ಭಾಷಾಚಿಂತನೆಯ ಅತ್ಯಂತ ಹಳೆಯ ಚರ್ಚೆಗಳಲ್ಲಿ ಒಂದು. ಕಾಕ ಎಂಬುದು ಧ್ವನಿಯ ಅನುಕರಣವೆಂದೂ ಹಕ್ಕಿಗಳ ಹೆಸರುಗಳಲ್ಲಿ ಇಂಥವು ಬಹಳವಾಗಿವೆಯೆಂದೂ ಯಾಸ್ಕನು ನಿರುಕ್ತದಲ್ಲಿ ಹೇಳುತ್ತಾನೆ. ಅದೇ ಎಡೆಯಲ್ಲಿ ಔಪಮನ್ಯವನೆಂಬ ಆಚಾರ್ಯನ ವಿರುದ್ಧ ಮತವನ್ನೂ ದಾಖಲಿಸುತ್ತಾನೆ. ಔಪಮನ್ಯವನ ಪ್ರಕಾರ ಧ್ವನ್ಯನುಕರಣ ಎಂಬುದೇ ಇಲ್ಲ. ಓಡಿಸತಕ್ಕದ್ದು ಎಂಬ ಅರ್ಥದ ಧಾತುವಿನಿಂದ ಕಾಕ ಶಬ್ದ ಬಂದಿದೆ.

ಮಾವೊರಿಯ ಹಕ್ಕಿಹೆಸರುಗಳು ಯಾಸ್ಕನ ಪಕ್ಷವನ್ನು ಬಲಪಡಿಸುತ್ತವೆ. ಕಿವಿ ಎಂಬ ಹಾರಲಾರದ ಹಕ್ಕಿ, ಕೆಆ ಎಂಬ ಬೆಟ್ಟದ ಗಿಣಿ, ರುರು ಎಂಬ ಗೂಬೆ ಇವೆಲ್ಲ ಕೂಗಿನಿಂದ ಹೆಸರು ಪಡೆದವು. ಇವುಗಳಲ್ಲಿ ಗೂಬೆಯ ಉದಾಹರಣೆ ವಿಶೇಷವಾದುದು. ಅದರ ಇರುಳಿನ ಕೂಗಿನಲ್ಲಿ ಮಾವೊರಿ ಜನ ರುರು ಎಂದು ಕೇಳಿಸಿಕೊಂಡರು. ಅದೇ ಗೂಬೆಯ ಕೂಗನ್ನು ಕೇಳಿದ ಇಂಗ್ಲಿಷ್ ವಲಸಿಗರಿಗೆ ಅದು 'ಮೋರ್ ಪೋರ್ಕ್', 'ಇನ್ನಷ್ಟು ಹಂದಿಮಾಂಸ', ಎಂದು ಕೇಳಿಸಿ ಅದೇ ಹೆಸರಾಯಿತು. ಹಕ್ಕಿಯ ಕೂಗು ಒಂದೇ. ಕೇಳುವ ಕಿವಿಗಳು ಎರಡು. ಒಂದು ಕಿವಿ ಸ್ವರಾಂತ ಭಾಷೆಯಲ್ಲಿ ಬೆಳೆದದ್ದು, ಇನ್ನೊಂದು ವ್ಯಂಜನಾಂತ ಪದಗಳಿಗೆ ಒಗ್ಗಿದ್ದು. ನಮ್ಮ ನಾಡಿನಲ್ಲಿ ಪಂಚತಂತ್ರದ ಕಥೆಯಿಂದ ಪ್ರಸಿದ್ಧವಾದ ಟಿಟ್ಟಿಭವೂ ಹೀಗೆಯೇ. ಸಂಸ್ಕೃತ ಕನ್ನಡಗಳಿಗೆ ಟಿಟ್ಟಿಭವೆಂದು ಕೇಳಿಸಿದ ಕೂಗು ಇಂಗ್ಲಿಷರಿಗೆ 'ಡಿಡ್ ಹೀ ಡೂ ಇಟ್' ಎಂಬ ಪ್ರಶ್ನೆಯಾಯಿತು. ತಮಿಳರು ಕೂಗನ್ನು ಬಿಟ್ಟು ಹಕ್ಕಿಯ ನಡತೆಯನ್ನು ನೋಡಿ, ಆಳು ಬಂದುದನ್ನು ತೋರಿಸಿಕೊಡುವ ಹಕ್ಕಿ ಎಂಬ ಅರ್ಥದಲ್ಲಿ 'ಆಳ್‌ಕಾಟ್ಟಿ' ಎಂದರು.

ತೂಈ ಎಂಬುದನ್ನೂ ಅನುಕರಣ ಶಬ್ದಗಳ ಗುಂಪಿಗೆ ಸೇರಿಸುವ ಒಲವು ಸಹಜವೇ. ಆದರೆ ಇಲ್ಲಿ ಔಪಮನ್ಯವನ ಎಚ್ಚರ ಬೇಕಾಗುತ್ತದೆ. ನೂರು ಬಗೆಯ ಸದ್ದು ಮಾಡುವ ಹಕ್ಕಿಯ ಹಾಡಿನಲ್ಲಿ ಯಾವ ಎರಡು ಅಕ್ಷರಗಳನ್ನು ಹುಡುಕಿದರೂ ಸಿಕ್ಕೀತು. ಇದೇ ಹಕ್ಕಿಗೆ ಮಾವೊರಿಯಲ್ಲಿ ಕೋಕೋ ಎಂಬ ಇನ್ನೊಂದು ಹೆಸರೂ ಇದೆ. ಅದನ್ನೂ ಅದೇ ಹಾಡಿನಲ್ಲಿ ಕೇಳಿಸಿಕೊಳ್ಳಬಹುದು. ಕಿವಿಗೆ ಹೋಲುತ್ತದೆ ಎಂಬುದಷ್ಟೇ ನಿರುಕ್ತಿಗೆ ಪ್ರಮಾಣವಾಗದು.

6. ಹೋಲಿಕೆ ಮತ್ತು ಸಂಬಂಧ

ಕಿವಿ ಎಂಬ ಹಕ್ಕಿಯ ಹೆಸರನ್ನು ಕೇಳಿದೊಡನೆ ಕನ್ನಡಿಗನ ಕೈ ತನ್ನ ಕಿವಿಯ ಕಡೆಗೆ ಹೋಗಬಹುದು. ಎರಡು ಪದಗಳಿಗೂ ಸಂಬಂಧವಿಲ್ಲ. ಅದನ್ನು ತೋರಿಸುವ ವಿಧಾನವೇ ತೌಲನಿಕ ಅಧ್ಯಯನದ ಮೊದಲ ಪಾಠ. ಕನ್ನಡದ ಕಿವಿಗೆ ತಮಿಳು, ಮಲಯಾಳ, ತೆಲುಗುಗಳಲ್ಲಿ ಚೆವಿ ಇದೆ. ಇಕಾರ ಎಕಾರಗಳ ಹಿಂದಿನ ಕಕಾರ ಆ ಭಾಷೆಗಳಲ್ಲಿ ಚಕಾರವಾಗಿದೆ, ಕನ್ನಡದಲ್ಲಿ ಹಾಗೆಯೇ ಉಳಿದಿದೆ. ಇದು ಒಂದೇ ಪದದಲ್ಲಿ ಆದ ಆಕಸ್ಮಿಕವಲ್ಲ. ನವಿಲನ್ನು ನೋಡಿ ಪುಕ್ಕ ಕೆದರಿತೆಂದು ಗಾದೆ ಗೇಲಿ ಮಾಡುವ ಕೆಂಬೂತವನ್ನು ಗಡಿಯಾಚೆ ಮಲಯಾಳ ತಮಿಳುಗಳಲ್ಲಿ ಚೆಂಬೋತ್ತು ಎನ್ನುತ್ತಾರೆ. ಕಿವಿ ಚೆವಿ, ಕೆಂ ಚೆಂ ಎಂಬ ಜೋಡಿಗಳು ಸಾಲಾಗಿ ನಿಲ್ಲುತ್ತವೆ. ಹೀಗೆ ಮರುಕಳಿಸುವ ಧ್ವನಿಸಂವಾದವೇ ಬಾಂಧವ್ಯಕ್ಕೆ ಸಾಕ್ಷಿ.

ಮಾವೊರಿಗೂ ಅದರದೇ ಬಂಧುಬಳಗವಿದೆ. ಪೂರ್ವ ಪಾಲಿನೀಷಿಯದಿಂದ ಸುಮಾರು 13ನೆಯ ಶತಮಾನದಲ್ಲಿ ದೋಣಿಗಳಲ್ಲಿ ಬಂದವರು ಮಾವೊರಿ ಜನರ ಪೂರ್ವಿಕರು. ಟೋಂಗಾ, ಸಮೋವಗಳ ಭಾಷೆಯಲ್ಲಿ ಗೂಬೆಗೆ ಲುಲು, ಕಾಡುಪಾರಿವಾಳಕ್ಕೆ ಲುಪೆ ಎಂದು ಹೆಸರು. ಮಾವೊರಿಯಲ್ಲಿ ಅವು ರುರು, ರುಪೆ. ಲಕಾರಕ್ಕೆ ರಕಾರ ಅಲ್ಲಿನ ನಿಯಮ. ಹಳೆಯ ದ್ವೀಪಗಳಲ್ಲಿ ಮೋಆ ಎಂದರೆ ಕೋಳಿ. ಹೊಸ ನಾಡಿನಲ್ಲಿ ಕಂಡ, ಮನುಷ್ಯನಿಗಿಂತ ಎತ್ತರವಾದ, ಹಾರಲಾರದ ದೈತ್ಯ ಹಕ್ಕಿಗೂ ಅವರು ಅದೇ ಹೆಸರಿಟ್ಟರು. ಆ ಹಕ್ಕಿ ಅಳಿದುಹೋಗಿ ಹೆಸರು ಮಾತ್ರ ಉಳಿದಿದೆ.

ಇಲ್ಲಿ ಒಂದು ನ್ಯಾಯ ಸಲ್ಲಿಸಬೇಕು. ಪರಿಚಿತ ಪದವನ್ನು ಅಪರಿಚಿತ ಹಕ್ಕಿಗೆ ತೊಡಿಸಿದವರು ಇಂಗ್ಲಿಷರು ಮಾತ್ರವಲ್ಲ. ಮಾವೊರಿಗಳ ಪೂರ್ವಿಕರೂ ಅದನ್ನೇ ಮಾಡಿದರು. ವ್ಯತ್ಯಾಸವಿರುವುದು ಕಾಲದಲ್ಲಿ. ತಲೆಮಾರುಗಳ ಕಾಲ ಆ ಕಾಡಿನಲ್ಲಿ ಬಾಳಿ, ಹಕ್ಕಿಯ ಊಟದ ಋತು, ಕೂಗು, ಗುಣಗಳನ್ನು ಅರಿತು, ಅವರು ಆ ಪದಗಳನ್ನು ನೆಲದ ಪದಗಳನ್ನಾಗಿ ಮಾಡಿಕೊಂಡರು. ನಮ್ಮ ಹಕ್ಕಿ ಎಂಬ ಪದವೂ ಹೀಗೆ ಮನೆಯದಾದ ಪದ. ಸಂಸ್ಕೃತದ ಪಕ್ಷಿ ಪ್ರಾಕೃತದ ಮೂಲಕ ಬಂದು ಹಳಗನ್ನಡದಲ್ಲಿ ಪಕ್ಕಿಯಾಗಿ, ಮುಂದೆ ಪಕಾರ ಹಕಾರವಾಗಿ ಹಕ್ಕಿಯಾಯಿತು. ಇಂದು ಅದನ್ನು ಯಾರೂ ಅನ್ಯವೆಂದು ಎಣಿಸುವುದಿಲ್ಲ.

7. ಏಕವಚನ, ಬಹುವಚನ

ಮಾವೊರಿಯಲ್ಲಿ ನಾಮಪದಕ್ಕೆ ಸಾಮಾನ್ಯವಾಗಿ ಬಹುವಚನ ಪ್ರತ್ಯಯ ಹತ್ತುವುದಿಲ್ಲ. ಪದದ ಹಿಂದೆ ಬರುವ ನಿರ್ದೇಶಕವು ವಚನವನ್ನು ತಿಳಿಸುತ್ತದೆ: ತೆ ತೂಈ ಎಂದರೆ ಒಂದು, ಙಾ ತೂಈ ಎಂದರೆ ಹಲವು. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಕನ್ನಡಿಗರು ಒಂಟಿಯಾಗಿ ಎಂದೂ ಬಳಸದ ಙಕಾರ ಅಲ್ಲಿ ಪದದ ಮೊದಲಿಗೇ ಬರುತ್ತದೆ. ಮಲಯಾಳದಲ್ಲಿ ಮಾವಿನಕಾಯಿಗೆ ಹೇಳುವ ಮಾಙ್ಙ ಎಂಬ ಪದವನ್ನು ಬಲ್ಲ ಕಾಸರಗೋಡು, ವಯನಾಡುಗಳ ವಿದ್ಯಾರ್ಥಿಗಳಿಗೆ ಈ ಧ್ವನಿ ಹೊಸತಲ್ಲ.

ತೂಈ ಇಂಗ್ಲಿಷಿಗೆ ಬಂದಾಗ ಬಹಳ ಕಾಲ ಬಹುವಚನದಲ್ಲಿ ಸಕಾರ ಸೇರಿಸಿ ಬರೆಯುತ್ತಿದ್ದರು. ಈಚಿನ ದಶಕಗಳಲ್ಲಿ ನ್ಯೂಜಿಲೆಂಡಿನ ಬರವಣಿಗೆ ಮಾವೊರಿಯ ಪದ್ಧತಿಯನ್ನು ಗೌರವಿಸಿ ಆ ಸಕಾರವನ್ನು ಬಿಡುತ್ತಿದೆ. ಸ್ವರದ ಮೇಲಿನ ದೀರ್ಘಗೆರೆಯನ್ನೂ ಹಾಕುತ್ತಿದೆ. ಎರವಲು ಪದ ತನ್ನ ಮೂಲದ ವ್ಯಾಕರಣವನ್ನು ಮರಳಿ ಪಡೆಯುವುದು ಅಪರೂಪದ ಸಂಗತಿ. ಕನ್ನಡದಲ್ಲಿ ಈ ತೊಡಕು ಕಡಿಮೆ. ಹತ್ತು ಹಕ್ಕಿ, ನಾಲ್ಕು ಮರ ಎಂದು ಸಂಖ್ಯೆ ಬಂದಾಗ ನಪುಂಸಕಲಿಂಗದ ನಾಮಪದ ಪ್ರತ್ಯಯವಿಲ್ಲದೆಯೇ ನಿಲ್ಲಬಲ್ಲದು. ಹತ್ತು ತೂಈ ಎಂದರೆ ಎರಡು ವ್ಯಾಕರಣಗಳಿಗೂ ಒಪ್ಪಿಗೆ.

8. ಪದ ಉಳಿಯಿತು, ಭಾಷೆ?

ಪಕ್ಷಿಶಾಸ್ತ್ರಜ್ಞ ವಾಲ್ಟರ್ ಬುಲ್ಲರ್ ನ್ಯೂಜಿಲೆಂಡಿನ ಹಕ್ಕಿಗಳ ಕುರಿತು 1873ರಲ್ಲಿ ಪ್ರಕಟಿಸಿದ ಗ್ರಂಥ ಪ್ರಸಿದ್ಧವಾದುದು. ಅವನು ಹೇಳಿರುವ ಒಂದು ಪ್ರಸಂಗ ಇಲ್ಲಿ ಉಚಿತವಾಗಿದೆ. ರಂಗಿತಿಕೆಯಿ ಪ್ರದೇಶದ ಸಭಾಮಂದಿರದಲ್ಲಿ ಅವನು ಮಹತ್ವದ ರಾಜಕೀಯ ವಿಷಯವೊಂದರ ಮೇಲೆ ಮಾವೊರಿ ಜನರ ಸಭೆಯನ್ನು ಉದ್ದೇಶಿಸಿ ಮಾತಾಡಿ ಮುಗಿಸಿದನು. ಹಿರಿಯ ಮುಖಂಡ ನೇಪಿಯಾ ತರತೋಆ ಉತ್ತರಿಸುವ ಮುನ್ನವೇ, ಮಾಡಿನ ತೊಲೆಗೆ ತೂಗುಹಾಕಿದ್ದ ಪಂಜರದಿಂದ ತೂಈಯೊಂದು ಸ್ಪಷ್ಟವಾಗಿ 'ತಿತೊ', ಎಂದರೆ 'ಸುಳ್ಳು', ಎಂದು ಕೂಗಿತು. ಸಭೆ ನಗೆಯಲ್ಲಿ ಮುಳುಗಿತು. ವಾದವೇನೋ ಚೆನ್ನಾಗಿದೆ, ಆದರೆ ತನ್ನ ಜಾಣ ಹಕ್ಕಿಗೆ ಇನ್ನೂ ಮನವರಿಕೆಯಾಗಿಲ್ಲ ಎಂಬ ಅರ್ಥದ ಮಾತನ್ನು ಮುಖಂಡ ಹೇಳಿದನಂತೆ.

ಈ ಪ್ರಸಂಗದ ವಿನೋದದ ಒಳಗೆ ಒಂದು ಭಾಷಿಕ ಸತ್ಯವಿದೆ. ಹಕ್ಕಿ ಮಾವೊರಿಯಲ್ಲಿ ಮಾತಾಡಿತು. ಏಕೆಂದರೆ ಅದರ ಸುತ್ತ ಜನ ಮಾವೊರಿಯಲ್ಲಿ ಮಾತಾಡುತ್ತಿದ್ದರು. 1867ರ ಶಾಲಾ ಕಾಯಿದೆ ಮಾವೊರಿ ಮಕ್ಕಳ ಶಿಕ್ಷಣವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಒಯ್ದಿತು. ಮುಂದಿನ ದಶಕಗಳಲ್ಲಿ ಶಾಲೆಯ ಆವರಣದಲ್ಲಿ ಮನೆಮಾತಾಡಿದ್ದಕ್ಕೆ ಪೆಟ್ಟುತಿಂದ ಮಕ್ಕಳು ಬಹಳ ಮಂದಿ. 20ನೆಯ ಶತಮಾನದ ನಡುವಿನ ಹೊತ್ತಿಗೆ ಜನ ಹಳ್ಳಿಗಳಿಂದ ನಗರಗಳಿಗೆ ಸರಿದಂತೆ ಮನೆಯಲ್ಲಿಯೂ ಆ ಭಾಷೆ ಹಿಂಜರಿಯಿತು. ಇದೇ ಅವಧಿಯಲ್ಲಿ ತೂಈ, ಕಿವಿ, ಮೋಆ ಎಂಬ ಮಾವೊರಿ ಪದಗಳು ಇಂಗ್ಲಿಷಿನಲ್ಲಿ ಬೇರೂರುತ್ತಿದ್ದವು. ಪದಗಳು ಗೆಲ್ಲುತ್ತಿದ್ದ ಕಾಲದಲ್ಲೇ ಭಾಷೆ ಸೋಲುತ್ತಿತ್ತು.

ಚೇತರಿಕೆ ಪದಗಳಿಂದ ಬರಲಿಲ್ಲ, ಜನರಿಂದ ಬಂತು. 1972ರ ಸೆಪ್ಟೆಂಬರ್ 14ರಂದು ಮೂವತ್ತು ಸಾವಿರಕ್ಕೂ ಹೆಚ್ಚು ಸಹಿಗಳುಳ್ಳ ಮನವಿಯೊಂದು ಸಂಸತ್ತಿಗೆ ಸಲ್ಲಿಕೆಯಾಯಿತು. ಶಾಲೆಗಳಲ್ಲಿ ಮಾವೊರಿಯನ್ನು ಕಲಿಸಬೇಕೆಂಬುದು ಅದರ ಬೇಡಿಕೆ. 1982ರಲ್ಲಿ ಕೋಹಙಾ ರೆಓ, ಎಂದರೆ 'ನುಡಿಯ ಗೂಡು', ಎಂಬ ಶಿಶುವಿಹಾರಗಳು ಆರಂಭವಾದವು. ಅಲ್ಲಿ ಹಿರಿಯರು ಮಕ್ಕಳೊಡನೆ ಮಾವೊರಿಯಲ್ಲಿಯೇ ಮಾತಾಡಿದರು. ಹಕ್ಕಿಯ ಗೂಡಿನ ರೂಪಕವನ್ನು ಅವರು ಭಾಷೆಗೆ ಆರಿಸಿಕೊಂಡುದು ಅರ್ಥಪೂರ್ಣ. 1987ರ ಕಾಯಿದೆ ಮಾವೊರಿಯನ್ನು ಅಧಿಕೃತ ಭಾಷೆಯಾಗಿ ಘೋಷಿಸಿತು. ಬಹುವಚನದ ಸಕಾರ ಬಿದ್ದು ದೀರ್ಘಗೆರೆ ಮೂಡಿದ್ದು ಈ ಚಳವಳಿಯ ಹಿನ್ನೆಲೆಯಲ್ಲಿ.

9. ಉಪಸಂಹಾರ

ಕರ್ನಾಟಕದ ಗಡಿಗಳಾಚೆ ಕನ್ನಡವನ್ನು ಓದುತ್ತಿರುವವರಿಗೆ ಈ ಚರಿತ್ರೆ ದೂರದ್ದೆನಿಸಲಾರದು. ತಮಿಳುನಾಡಿನ ಹೊಸೂರು ಎಂಬ ಹೆಸರಿನಲ್ಲಿರುವ ಹಕಾರವನ್ನು ನೋಡಿದರೆ ಸಾಕು. ಹಳಗನ್ನಡದ ಪೊಸ ಹೊಸಗನ್ನಡದಲ್ಲಿ ಹೊಸ ಆಯಿತು. ತುಳುವಿನಲ್ಲಿ ಇಂದಿಗೂ ಪೊಸ. ತಮಿಳಿನಲ್ಲಿ ಅದು ಪುದು. ಆ ಊರಿನ ಹೆಸರು ಕನ್ನಡದ್ದೆಂಬುದಕ್ಕೆ ಹಕಾರವೊಂದೇ ಸಾಕ್ಷಿ ಹೇಳುತ್ತದೆ. ಆದರೆ ನಾಮಫಲಕದ ಮೇಲಿನ ಹಕಾರ ಹಿಂದೆ ಯಾರು ಅಲ್ಲಿ ಬಾಳಿದರೆಂಬುದನ್ನು ತಿಳಿಸಬಲ್ಲದೇ ಹೊರತು, ಮುಂದೆ ಯಾವ ಭಾಷೆ ಅಲ್ಲಿ ಉಳಿಯುತ್ತದೆಂಬುದನ್ನು ನಿರ್ಧರಿಸಲಾರದು. ಅದನ್ನು ನಿರ್ಧರಿಸುವುದು ಮನೆಯಲ್ಲಿ, ತರಗತಿಯಲ್ಲಿ, ಅಂಗಡಿಯಲ್ಲಿ ನಡೆಯುವ ಮಾತು. ತೂಈಯ ಹೆಸರನ್ನು ನಿಘಂಟು ಕಾಪಾಡಬಲ್ಲದು. ಪಂಜರದ ತೂಈಗೆ ಮಾತು ಕಲಿಸಲು ಮಾತಾಡುವ ಜನವೇ ಬೇಕಾಯಿತು.

ಅಭ್ಯಾಸ

1. ಪೋಯಿ ಹಕ್ಕಿ, ಪಾದ್ರಿ ಹಕ್ಕಿ, ತೂಈ ಎಂಬ ಹೆಸರುಗಳು ಹುಟ್ಟಿದ ಮತ್ತು ರೂಢಿಗೆ ಬಂದ ಬಗೆಯನ್ನು ಹೋಲಿಸಿ ಬರೆಯಿರಿ.

2. ಕಾಕ ಶಬ್ದದ ಬಗೆಗೆ ಯಾಸ್ಕ ಮತ್ತು ಔಪಮನ್ಯವರ ಮತಗಳನ್ನು ವಿವರಿಸಿ, ರುರು ಮತ್ತು ಟಿಟ್ಟಿಭಗಳ ಉದಾಹರಣೆಯಿಂದ ಚರ್ಚಿಸಿರಿ.

3. ಕನ್ನಡದ ಕಿವಿಗೂ ಮಾವೊರಿಯ ಕಿವಿಗೂ ಸಂಬಂಧವಿಲ್ಲವೆಂಬುದನ್ನು ಧ್ವನಿಸಂವಾದದ ಆಧಾರದಿಂದ ನಿರೂಪಿಸಿರಿ.

4. ನಿಮ್ಮ ಊರಿನ ಹತ್ತು ಹಕ್ಕಿಗಳಿಗೆ ಕನ್ನಡದಲ್ಲಿಯೂ ನೆರೆಭಾಷೆಯಲ್ಲಿಯೂ ಇರುವ ಹೆಸರುಗಳನ್ನು ಹಿರಿಯರಿಂದ ಕೇಳಿ ಸಂಗ್ರಹಿಸಿರಿ. ಬಣ್ಣ ಅಥವಾ ಆಕಾರದಿಂದ ಬಂದವು, ಕೂಗಿನಿಂದ ಬಂದವು, ನಡತೆಯಿಂದ ಬಂದವು ಎಂದು ಅವುಗಳನ್ನು ವಿಂಗಡಿಸಿರಿ. ಮರಕುಟಿಗ, ಬೆಳ್ಳಕ್ಕಿ, ಕಾಗೆ ಎಂಬ ಹೆಸರುಗಳಿಂದ ಆರಂಭಿಸಬಹುದು.